ಮನೋಚಿಕಿತ್ಸೆ: ಯಾರಿಗೆ, ಏಕೆ?

ತರಬೇತಿ ಪಡೆದ ತಜ್ಞರು ಗೋಪ್ಯವಾದ ಮಾತುಕತೆಯ ಮೂಲಕ ನೀಡುವ ಚಿಕಿತ್ಸೆಯೇ ಮನೋಚಿಕಿತ್ಸೆ. ಆಪ್ತರ ಅಗಲಿಕೆ, ದಾಂಪತ್ಯದ ಬಿರುಕು, ಕುಡಿತದ ಚಟ, ಖಿನ್ನತೆ, ಅತಿಯಾದ ಭಯ ಮುಂತಾದವುಗಳಿಂದ ನೊಂದವರು ಇದನ್ನು ಅರಸಿ ಬರುತ್ತಾರೆ. 1960ರ ದಶಕದಲ್ಲಿ ಡಾ. ಆರನ್ ಬೆಕ್ ರೂಪಿಸಿದ ವಿಧಾನವು, 'ನನ್ನಿಂದ ಏನೂ ಆಗದು' ಎಂಬಂಥ ಯೋಚನೆಗಳನ್ನು ಗುರುತಿಸಿ, ಅವು ನಿಜವೇ ಎಂದು ಪರೀಕ್ಷಿಸಲು ಕಲಿಸುತ್ತದೆ. ಕೆಲವರಿಗೆ ಔಷಧಿಯೂ ಬೇಕಾಗಬಹುದು.

ಧರ್ಮಗುರುಗಳಾದ ನಾವು ಪಾಪನಿವೇದನೆಯಲ್ಲಿ ದೇವರ ಕ್ಷಮೆಯನ್ನು ಸಾರುತ್ತೇವೆ. ಆದರೆ ಖಿನ್ನತೆ ಪಾಪವಲ್ಲ, ಕಾಯಿಲೆ. 'ನಿಮಗೆ ವಿಶ್ವಾಸ ಸಾಲದು' ಎಂದು ಹೇಳಿದರೆ ನೊಂದವರು ಇನ್ನಷ್ಟು ಮೌನವಾಗುತ್ತಾರೆ. ಅವರಿಗಾಗಿ ಪ್ರಾರ್ಥಿಸೋಣ, ತಜ್ಞರ ಬಳಿಗೆ ಅವರೊಂದಿಗೆ ಹೋಗೋಣ. 2022ರಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ (14416) ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.