ಆಕ್ಸೊಲಾಟ್ಲ್

ಬಾಲವುಳ್ಳ ಉಭಯಚರಗಳಾದ ಸಾಲಮ್ಯಾಂಡರುಗಳ ಪೈಕಿ, ಮರಿಯ ದೇಹದಲ್ಲಿಯೇ ಬೆಳೆದು, ಆ ದೇಹದಲ್ಲಿಯೇ ಸಂತಾನವನ್ನು ಪಡೆದು, ಮುಪ್ಪನ್ನೂ ಅದರಲ್ಲಿಯೇ ಕಾಣುವ ಪ್ರಭೇದ. ಶಾಸ್ತ್ರೀಯ ನಾಮ ಆಂಬಿಸ್ಟೋಮ ಮೆಕ್ಸಿಕಾನಮ್. ಮೆಕ್ಸಿಕೋ ಕಣಿವೆಯ ಚಾಲ್ಕೊ ಮತ್ತು ಸೊಚಿಮಿಲ್ಕೊ ಸರೋವರಗಳು ಇದರ ತವರು. ಉದ್ದ ಸುಮಾರು 23 ಸೆಂ.ಮೀ.; ಮೈಬಣ್ಣ ಮಾಸಲು ಕಂದು; ಕಣ್ಣಿಗೆ ರೆಪ್ಪೆಯಿಲ್ಲ; ತಲೆಯ ಇಕ್ಕೆಲಗಳಲ್ಲಿ ಮೂರು ಮೂರರಂತೆ ಗರಿಗಳನ್ನು ಹೋಲುವ ಕಿವಿರುಗಳಿವೆ.

ಸಾವಿಗಂಜಿದ ಷೊಲಾಟ್ಲ್ ದೇವತೆಯು ನೀರಿನಲ್ಲಿ ಅಡಗಿ ತಾಳಿದ ರೂಪವೇ ಇದೆಂದು ಅಜ್ಟೆಕ್ ಜನರು ನಂಬಿದ್ದರು. ಆ ನಂಬಿಕೆ ಇದನ್ನು ರುಚಿಯಾಗಿ ಅಡುಗೆಮಾಡಿ ಉಣ್ಣುವುದಕ್ಕೆ ಅಡ್ಡಿಯಾದಂತೆ ತೋರುವುದಿಲ್ಲ. ಯೂರೋಪಿನಲ್ಲಿ 1798ರಲ್ಲಿ ಇಂಗ್ಲಿಷ್ ಪ್ರಾಣಿವಿಜ್ಞಾನಿ ಜಾರ್ಜ್ ಷಾ ಇದನ್ನು ವರ್ಣಿಸಿದ ತರುವಾಯ, ಅನ್ವೇಷಕ ಹಂಬೋಲ್ಟನು ತಂದುಕೊಟ್ಟ ಮಾದರಿಗಳನ್ನು ಛೇದಿಸಿ ನೋಡಿದ ಫ್ರೆಂಚ್ ಪ್ರಾಣಿವಿಜ್ಞಾನಿ ಕ್ಯುವಿಯೆ, ಇದು ಯಾವುದೋ ಅಜ್ಞಾತ ಸಾಲಮ್ಯಾಂಡರಿನ ಡಿಂಭವಿರಬೇಕೆಂದು ಊಹಿಸಿದನು. ಕಿವಿರುಗಳನ್ನು ಇದೆಂದೂ ಕಳಚುವುದಿಲ್ಲವೆಂಬ ಸಾಕ್ಷ್ಯಗಳು ಹೆಚ್ಚಿದಾಗ ಅವನು ಮನಸ್ಸಿಲ್ಲದ ಮನಸ್ಸಿನಿಂದ ಇದನ್ನು ಶಾಶ್ವತ ಕಿವಿರುಗಳುಳ್ಳ ಜೀವಿಗಳ ಸಾಲಿಗೆ ಸೇರಿಸಿದನು. ವಾಸ್ತವದಲ್ಲಿ ಊಹೆಯೂ ದಿಟ, ಸಾಕ್ಷ್ಯವೂ ದಿಟ.

ಈ ಒಗಟು ಬಿಡಿಸಿಕೊಂಡದ್ದು ಪ್ಯಾರಿಸಿನಲ್ಲಿ. ಮೆಕ್ಸಿಕೋದಿಂದ ಅಲ್ಲಿಗೆ ಸಜೀವವಾಗಿ ಬಂದ 34 ಪ್ರಾಣಿಗಳಲ್ಲಿ ಆರು, ಐದು ಗಂಡು ಮತ್ತು ಒಂದೇ ಹೆಣ್ಣು, 1864ರಲ್ಲಿ ಪ್ರಾಣಿವಿಜ್ಞಾನಿ ಆಗುಸ್ತ್ ದ್ಯುಮೆರಿಲ್ಲನ ಕೈಸೇರಿದವು. ಮರುವರ್ಷ ಅವು ಮೊಟ್ಟೆಯಿಟ್ಟವು, ಮರಿಗಳು ದೊಡ್ಡವಾದವು, ಅಷ್ಟರಲ್ಲಿ ಕೆಲವು ಮರಿಗಳ ಕಿವಿರುಗಳು ಕುಗ್ಗಿ, ಬೆನ್ನಿನ ಈಜುಪಟ್ಟಿ ಕರಗಿ, ಮೈಮೇಲೆ ಹಳದಿ ಚುಕ್ಕೆಗಳು ಮೂಡಿ, ಅವು ಅಮೆರಿಕದ ನೆಲವಾಸಿ ಸಾಲಮ್ಯಾಂಡರುಗಳಂತಾದುದನ್ನು ಕಂಡು ದ್ಯುಮೆರಿಲ್ ವಿಸ್ಮಿತನಾದನು. ಮರಿಯಾಗಿಯೇ ಉಳಿದ ತಾಯಿತಂದೆಗಳಿಗೆ ಪ್ರೌಢರೂಪದ ಮಕ್ಕಳು ಹುಟ್ಟಿದಂತಾಗಿತ್ತು! ಆಕ್ಸೊಲಾಟ್ಲ್ ಮರಿಯಾಗಿಯೇ ಉಳಿಯುವುದಕ್ಕೆ ಕಾರಣವು ಥೈರಾಯ್ಡ್ ಗ್ರಂಥಿಯ ಮಂದತೆಯೆಂಬುದು, ಆ ಗ್ರಂಥಿಯನ್ನು ಉಣಿಸಿ ರೂಪಾಂತರವನ್ನು ಬರಿಸಿದ ಇಪ್ಪತ್ತನೆಯ ಶತಮಾನದ ಪ್ರಯೋಗಗಳಿಂದ ತಿಳಿದುಬಂದಿತು. ಪ್ರಪಂಚದ ಪ್ರಯೋಗಶಾಲೆಗಳಲ್ಲಿರುವ ಆಕ್ಸೊಲಾಟ್ಲುಗಳಲ್ಲಿ ಬಹುಪಾಲು ಆ ಪ್ಯಾರಿಸ್ ವಂಶದವೇ.

ಸುಮಾರು ಒಂದು ವರ್ಷಕ್ಕೆ ಇದು ಪ್ರಾಯಕ್ಕೆ ಬರುತ್ತದೆ. ಗಂಡು ಬಾಲವನ್ನು ತೊನೆಯುತ್ತ ಮುಂದೆ ಸಾಗಿ ನೀರಿನ ತಳದಲ್ಲಿ ರೇತಸ್ಸಿನ ಸಣ್ಣ ಪೊಟ್ಟಣಗಳನ್ನು ಅಂಟಿಸುತ್ತದೆ; ಹಿಂಬಾಲಿಸುವ ಹೆಣ್ಣು ಅವನ್ನು ಒಳಗೆಳೆದುಕೊಂಡು, ಲೋಳೆ ಹೊದ್ದ ನೂರರಿಂದ ಸಾವಿರದಷ್ಟು ಮೊಟ್ಟೆಗಳನ್ನು ಜಲಸಸ್ಯಗಳಿಗೆ ಒಂದೊಂದಾಗಿ ಹಚ್ಚುತ್ತದೆ. ಎರಡು ಮೂರು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಕಪ್ಪೆಯ ಗೊದಮೊಟ್ಟೆಗೆ ಹಿಂಗಾಲು ಮೊದಲು ಕಂಡರೆ, ಇವಕ್ಕೆ ಮುಂಗಾಲು ಮೊದಲು.

ಹಸಿದ ಮರಿಗಳು ಒಡಹುಟ್ಟಿದವುಗಳ ಕಾಲನ್ನೇ ಕಚ್ಚಿ ತಿನ್ನುವುದುಂಟು. ಆದರೆ ಹೋದ ಕಾಲು ಮರಳಿ ಬರುತ್ತದೆ. ಗಾಯದ ಮೇಲೆ ಒಂದು ದಿನದೊಳಗೆ ತೆಳುಚರ್ಮ ಹರಡಿ, ಅದರಡಿಯಲ್ಲಿ ಜೀವಕೋಶಗಳ ಮೊಗ್ಗೊಂದು ಉಬ್ಬಿ, ಅದು ಚಪ್ಪಟೆಯಾಗಿ, ಕೊನೆಗೆ ಬೆರಳುಗಳು ಒಡೆಯುತ್ತವೆ, ಕಲೆಯೂ ಉಳಿಯುವುದಿಲ್ಲ. ಬಾಲ, ಬೆನ್ನುಹುರಿ, ಹೃದಯದ ಭಾಗಗಳು ಕೂಡ ಹೀಗೆಯೇ ಮತ್ತೆ ಬೆಳೆಯುತ್ತವೆ. ಮಾನವನದಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡದಾದ ಇದರ ಜೀನೋಮನ್ನು 2018ರಲ್ಲಿ ಪ್ರಕಟಿಸಿದುದರ ಹಿಂದೆ ಈ ಶಕ್ತಿಯ ಮೂಲವನ್ನು ಅರಿಯುವ ಆಸೆಯಿತ್ತು.

ತವರಿನಲ್ಲಾದರೋ ಸ್ಥಿತಿ ಶೋಚನೀಯ. ಚಾಲ್ಕೊ ಸರೋವರವನ್ನು ಬತ್ತಿಸಲಾಯಿತು. ಸೊಚಿಮಿಲ್ಕೊ ಕಾಲುವೆಗಳಾಗಿ ಉಳಿದು, ಮಹಾನಗರದ ಕೊಳಚೆಯನ್ನು ಹೊತ್ತಿದೆ. ಜನರ ಆಹಾರಕ್ಕೆಂದು ತಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯ ಮೀನುಗಳು ಮೊಟ್ಟೆಮರಿಗಳನ್ನು ನುಂಗತೊಡಗಿದವು. 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಎಂದು ಅಂದಾಜಾಗಿದ್ದ ಸಂಖ್ಯೆ 2014ರ ಗಣತಿಯಲ್ಲಿ 36ಕ್ಕೆ ಇಳಿದಿತ್ತು. ಮೆಕ್ಸಿಕೋದ ಕೇಂದ್ರ ಬ್ಯಾಂಕು 2021ರಲ್ಲಿ ಇದರ ಚಿತ್ರವನ್ನು 50 ಪೆಸೊ ನೋಟಿನ ಮೇಲೆ ಅಚ್ಚುಹಾಕಿಸಿತು. ಚಿನಾಂಪ ಎಂಬ ಜಲಮಧ್ಯದ ತೋಟಗಳ ರೈತರು ವಿಜ್ಞಾನಿಗಳೊಡನೆ ಕೂಡಿ, ಪರದೇಶದ ಮೀನುಗಳು ನುಗ್ಗದಂತೆ ಕಾಲುವೆಗಳ ಬಾಯಿಗೆ ಜಾಲರಿಗಳನ್ನು ಕಟ್ಟುತ್ತಿದ್ದಾರೆ.