ಯುರೋಪಿನ ಸಂಶೋಧನಾ ಹಣ: ಆದ್ಯತೆ ಗೊತ್ತುಮಾಡಿದ ಬಗೆ

ಯುರೋಪಿನ ದೇಶಗಳು ಸಂಶೋಧನೆಗೆಂದು ಒಂದೇ ಹುಂಡಿಗೆ ಹಣ ಹಾಕುವ ಪದ್ಧತಿ ಕಲ್ಲಿದ್ದಲು ಮತ್ತು ಉಕ್ಕಿನಿಂದ ಶುರುವಾಯಿತು. 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಲಕ್ಸೆಂಬರ್ಗ್ ಪ್ಯಾರಿಸ್ಸಿನಲ್ಲಿ ಸಹಿ ಹಾಕಿದ ಒಪ್ಪಂದದ 55ನೆಯ ವಿಧಿಯಲ್ಲಿ ಇದರ ಬೀಜವಿದೆ. ಈ ಎರಡು ಸರಕುಗಳ ಉತ್ಪಾದನೆ, ಬಳಕೆ ಮತ್ತು ಕಾರ್ಮಿಕರ ಸುರಕ್ಷತೆಗೆ ಸಂಬಂಧಿಸಿದ ಸಂಶೋಧನೆಯನ್ನು ಬೆಳೆಸುವ ಹೊಣೆಯನ್ನು ಅದು ಆ ದೇಶಗಳು ಕಟ್ಟಿಕೊಂಡ ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯದ ಉನ್ನತ ಪ್ರಾಧಿಕಾರಕ್ಕೆ ಒಪ್ಪಿಸಿತು. ಹಣ ಬರುತ್ತಿದ್ದುದು ಅದೇ ಉದ್ಯಮಗಳ ಮೇಲೆ ಹಾಕಿದ ತೆರಿಗೆಯಿಂದ. ಕೊಡುವವರು ಯಾರು, ಉಪಯೋಗ ಯಾರಿಗೆ ಎಂಬ ಲೆಕ್ಕ ಸರಳವಾಗಿತ್ತು. ಆ ಸರಳತೆ ಮುಂದೆ ಯಾವ ಹಂತದಲ್ಲೂ ಮರಳಿ ಬರಲಿಲ್ಲ.

1957ರ ಮಾರ್ಚ್ 25ರಂದು ರೋಮ್‌ನಲ್ಲಿ ಅದೇ ಆರು ದೇಶಗಳು ಯುರಾಟಮ್ ಒಪ್ಪಂದಕ್ಕೂ ಸಹಿ ಹಾಕಿದವು. ಪರಮಾಣು ಶಕ್ತಿ ಆ ಕಾಲದ ದೊಡ್ಡ ಭರವಸೆ. ರಿಯಾಕ್ಟರ್ ಕಟ್ಟುವುದು ಒಂದು ದೇಶದ ಕೈಗೆ ಮೀರಿದ ಖರ್ಚು, ಆದ್ದರಿಂದ ಕೂಡಿ ಕಟ್ಟೋಣ ಎಂಬುದು ಅದರ ತರ್ಕ. ಮೊದಲ ಐದು ವರ್ಷಗಳ ಕಾರ್ಯಕ್ರಮಕ್ಕೆ 21.5 ಕೋಟಿ ಲೆಕ್ಕದ ಘಟಕಗಳಷ್ಟು ಹಣ ಗೊತ್ತಾಯಿತು. ಇಟಲಿ ಮ್ಯಾಜೋರೆ ಸರೋವರದ ಬಳಿಯ ಇಸ್ಪ್ರಾದಲ್ಲಿದ್ದ ತನ್ನ ಪರಮಾಣು ಕೇಂದ್ರವನ್ನು ಯುರಾಟಮ್‌ನ ಜಂಟಿ ಸಂಶೋಧನಾ ಕೇಂದ್ರಕ್ಕೆ ಬಿಟ್ಟುಕೊಟ್ಟಿತು. ಅಲ್ಲಿನ ವಿಜ್ಞಾನಿಗಳು ಭಾರಜಲ ಮತ್ತು ಸಾವಯವ ದ್ರವ ಬಳಸುವ ಆರ್ಗೆಲ್ ಎಂಬ ರಿಯಾಕ್ಟರ್ ವಿನ್ಯಾಸದ ಮೇಲೆ ವರ್ಷಗಟ್ಟಲೆ ದುಡಿದರು. ಇತ್ತ ಫ್ರಾನ್ಸ್ ತನ್ನದೇ ಗ್ರಾಫೈಟ್ ರಿಯಾಕ್ಟರಿಗೆ ಅಂಟಿಕೊಂಡಿತು. ಉಳಿದವರ ಒಲವು ಅಮೆರಿಕದ ಸಾಮಾನ್ಯ ಜಲದ ರಿಯಾಕ್ಟರುಗಳ ಕಡೆಗೆ ತಿರುಗಿತು. ಆರ್ಗೆಲ್ ಕೊಳ್ಳುವವರಿಲ್ಲದೆ ನಿಂತುಹೋಯಿತು. 1967ರ ನಂತರ ಕೆಲವು ವರ್ಷ ಯುರಾಟಮ್‌ಗೆ ಬಹುವಾರ್ಷಿಕ ಕಾರ್ಯಕ್ರಮವೇ ಒಪ್ಪಿಗೆಯಾಗದೆ, ವರ್ಷವರ್ಷದ ಬಜೆಟ್ಟಿನಲ್ಲೇ ದಿನ ದೂಡಬೇಕಾಯಿತು. ಹಣ ಒಂದು ಕಡೆ, ಅದರಿಂದ ಬಂದುದನ್ನು ಬಳಸಬೇಕಾದ ಉದ್ಯಮ ಮತ್ತು ಸರ್ಕಾರಗಳು ಇನ್ನೊಂದು ಕಡೆ ಇದ್ದರೆ ಏನಾಗುತ್ತದೆ ಎಂಬುದನ್ನು ಯುರೋಪ್ ಇಸ್ಪ್ರಾದಲ್ಲಿ ಕಲಿಯಿತು.

ಇದೇ ಹೊತ್ತಿಗೆ ಸಮುದಾಯದ ಚೌಕಟ್ಟಿನ ಹೊರಗೆ ಬೇರೊಂದು ಮಾದರಿ ಬೆಳೆಯುತ್ತಿತ್ತು. ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯ 1954ರ ಸೆಪ್ಟೆಂಬರ್ 29ರಂದು 12 ದೇಶಗಳ ಸಂಸ್ಥೆಯಾಗಿ ಹುಟ್ಟಿತು. ಅಲ್ಲಿ ಹಣ ಸರ್ಕಾರಗಳದು, ಏನನ್ನು ಹುಡುಕಬೇಕು ಎಂಬ ಮಾತು ಬಹುಮಟ್ಟಿಗೆ ಭೌತವಿಜ್ಞಾನಿಗಳದು. ವಿಜ್ಞಾನಿಗಳ ಕೈಗೆ ಅಂಥ ಅಧಿಕಾರ ಯುರೋಪಿಯನ್ ಸಮುದಾಯದ ಸ್ವಂತ ಬೊಕ್ಕಸದಿಂದ ಸಿಗಲು ಇನ್ನೂ ಅರ್ಧ ಶತಮಾನ ಬೇಕಾಯಿತು.

1974ರ ಜನವರಿ 14ರಂದು ಸಚಿವ ಮಂಡಳಿ ರಾಷ್ಟ್ರೀಯ ವಿಜ್ಞಾನ ನೀತಿಗಳನ್ನು ಹೊಂದಿಸುವ, ಸಮುದಾಯಕ್ಕೆ ತನ್ನದೇ ವಿಜ್ಞಾನ ನೀತಿ ಕೊಡುವ ನಿರ್ಣಯಗಳನ್ನು ಅಂಗೀಕರಿಸಿತು. ಅಲ್ಲಿಯವರೆಗೆ ಪರಮಾಣು, ಕಲ್ಲಿದ್ದಲು, ಉಕ್ಕುಗಳ ಆಚೆಗೆ ಸಮುದಾಯಕ್ಕೆ ಸಂಶೋಧನೆಯಲ್ಲಿ ಹೆಚ್ಚಿನ ಕೆಲಸವಿರಲಿಲ್ಲ. ನಿರ್ಣಯವೇನೋ ಆಯಿತು, ಆದರೆ ಹಣ ಹಂಚುವಾಗ ಪ್ರತಿ ಸರ್ಕಾರವೂ ತಾನು ಹಾಕಿದ್ದರಲ್ಲಿ ತನಗೆಷ್ಟು ವಾಪಸು ಎಂದು ಎಣಿಸುವುದು ನಿಲ್ಲಲಿಲ್ಲ.

ಆ ಎಣಿಕೆ ಎಲ್ಲಿಯವರೆಗೆ ಹೋಗುತ್ತಿತ್ತು ಎಂಬುದಕ್ಕೆ ಜೆಟ್ ಎಂಬ ಬೈಜಿಕ ಸಮ್ಮಿಲನ ಯಂತ್ರದ ಕಥೆ ಸಾಕ್ಷಿ. 1973ರಿಂದ ಬ್ರಿಟನ್ನಿನ ಕಲ್ಹಮ್‌ನಲ್ಲಿ ಪಾಲ್ ಹೆನ್ರಿ ರೆಬ್ಯೂ ನೇತೃತ್ವದ ತಂಡ ಅದರ ನಕ್ಷೆ ಸಿದ್ಧಪಡಿಸುತ್ತಿತ್ತು. ನಕ್ಷೆ ಮುಗಿದರೂ ಯಂತ್ರವನ್ನು ಎಲ್ಲಿ ಕಟ್ಟಬೇಕೆಂಬುದು ಇತ್ಯರ್ಥವಾಗಲಿಲ್ಲ. ಇಸ್ಪ್ರಾ ಬೇಕೆಂದು ಇಟಲಿ, ಗಾರ್ಶಿಂಗ್ ಬೇಕೆಂದು ಜರ್ಮನಿ, ಕಲ್ಹಮ್ ಬೇಕೆಂದು ಬ್ರಿಟನ್ ಹಟ ಹಿಡಿದವು. ಸುಮಾರು ಎರಡು ವರ್ಷ ಸಚಿವರ ಸಭೆಗಳು ಬರಿಗೈಲಿ ಮುಗಿದವು. ತಂಡದವರ ಮುಂದಿದ್ದುದು ತಮ್ಮ ಕೆಲಸದ ಒಪ್ಪಂದ ಮುಗಿಯುವ ದಿನ ಮತ್ತು ಕಾಗದದ ಮೇಲಷ್ಟೇ ಇದ್ದ ಯಂತ್ರ. 1977ರ ಅಕ್ಟೋಬರಿನಲ್ಲಿ ಅಪಹರಣಕ್ಕೊಳಗಾದ ಲುಫ್ತಾನ್ಸಾ ವಿಮಾನವನ್ನು ಜರ್ಮನ್ ಪಡೆ ಮೊಗದಿಶುವಿನಲ್ಲಿ ಬಿಡಿಸಿತು. ಅದಕ್ಕೆ ಬ್ರಿಟಿಷ್ ಕಮಾಂಡೊಗಳ ನೆರವು ಸಿಕ್ಕಿತ್ತು. ಆ ನೆರವಿನ ಋಣ ಜರ್ಮನಿಯ ಪಟ್ಟನ್ನು ಸಡಿಲಿಸಿತೆಂದು ಈ ಯೋಜನೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಹೇಳಲಾಗುತ್ತದೆ. ಬಿಡುಗಡೆಯಾದ ಒಂದೇ ವಾರಕ್ಕೆ, ಅಕ್ಟೋಬರ್ 25ರಂದು, ಕಲ್ಹಮ್ ಆಯ್ಕೆಯಾಯಿತು. 1983ರ ಜೂನ್ 25ರಂದು ಯಂತ್ರದೊಳಗೆ ಮೊದಲ ಪ್ಲಾಸ್ಮಾ ಮೂಡಿತು. 2023ರ ಡಿಸೆಂಬರಿನವರೆಗೂ, ನಾಲ್ಕು ದಶಕ, ಅದು ದುಡಿಯಿತು. ಇಷ್ಟು ಒಳ್ಳೆಯ ಯಂತ್ರ ಸ್ಥಳದ ಜಗಳಕ್ಕೆ ಸಿಕ್ಕಿ ಇಲ್ಲವಾಗುವ ಹಂತಕ್ಕೆ ಹೋಗಿತ್ತೆಂಬುದು ಈಗಲೂ ಮನಸ್ಸನ್ನು ಕಲಕುತ್ತದೆ.

1980ರ ದಶಕದಲ್ಲಿ ಆದ್ಯತೆ ಗೊತ್ತುಮಾಡುವ ಮೇಜು ಬದಲಾಯಿತು, ಅದರ ಸುತ್ತ ಕೂತವರೂ ಬದಲಾದರು. ಕಂಪ್ಯೂಟರ್ ಮತ್ತು ಚಿಪ್ ಉದ್ಯಮದಲ್ಲಿ ಅಮೆರಿಕ ಮುಂದೆ ಹೋಗಿತ್ತು, ಜಪಾನ್ ಐದನೆಯ ಪೀಳಿಗೆಯ ಕಂಪ್ಯೂಟರಿನ ಯೋಜನೆ ಘೋಷಿಸಿತ್ತು. ಯುರೋಪಿಯನ್ ಆಯೋಗದಲ್ಲಿ ಕೈಗಾರಿಕೆಯ ಹೊಣೆ ಹೊತ್ತಿದ್ದ ಬೆಲ್ಜಿಯಂನ ಆಯುಕ್ತ ಎತಿಯೆನ್ ದಾವಿನ್ಯೋ ಸರ್ಕಾರಗಳ ಬಾಗಿಲು ತಟ್ಟುವ ಮೊದಲು 12 ಕಂಪನಿಗಳ ಮುಖ್ಯಸ್ಥರನ್ನು ಒಟ್ಟಿಗೆ ಕೂರಿಸಿದರು: ಫ್ರಾನ್ಸಿನ ಬುಲ್, ಸಿಜಿಇ, ಥಾಮ್ಸನ್, ಬ್ರಿಟನ್ನಿನ ಐಸಿಎಲ್, ಜಿಇಸಿ, ಪ್ಲೆಸಿ, ಜರ್ಮನಿಯ ಸೀಮೆನ್ಸ್, ಎಇಜಿ, ನಿಕ್ಸ್‌ಡಾರ್ಫ್, ಇಟಲಿಯ ಒಲಿವೆಟ್ಟಿ, ಸ್ಟೆಟ್, ನೆದರ್‌ಲ್ಯಾಂಡ್ಸಿನ ಫಿಲಿಪ್ಸ್. ಮಾರುಕಟ್ಟೆಯಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕಲು ನೋಡುತ್ತಿದ್ದ ಇವರು ಮಾರಾಟಕ್ಕೆ ಮುಂಚಿನ ಹಂತದ ಸಂಶೋಧನೆಯಲ್ಲಿ ಕೈಜೋಡಿಸಬಹುದು ಎಂಬುದು ಅವರ ಲೆಕ್ಕಾಚಾರ. 1983ರಲ್ಲಿ 1.15 ಕೋಟಿ ಎಕುಗಳ ಪ್ರಾಯೋಗಿಕ ಹಂತ ನಡೆಯಿತು. ಎಕು ಎಂದರೆ ಯುರೋಗೆ ಮುಂಚಿನ ಲೆಕ್ಕದ ನಾಣ್ಯ. 1984ರ ಫೆಬ್ರವರಿಯಲ್ಲಿ ಎಸ್‌ಪ್ರಿಟ್ ಎಂಬ ಹೆಸರಿನಲ್ಲಿ ಪೂರ್ಣ ಕಾರ್ಯಕ್ರಮಕ್ಕೆ ಒಪ್ಪಿಗೆ ಸಿಕ್ಕಿತು. ಅದರ ಮೊದಲ ಹಂತಕ್ಕೆ ಸಮುದಾಯದಿಂದ 75 ಕೋಟಿ ಎಕು, ಅಷ್ಟೇ ಮೊತ್ತ ಕಂಪನಿಗಳ ಕೈಯಿಂದ. ಪ್ರತಿ ಯೋಜನೆಯಲ್ಲೂ ಬೇರೆ ಬೇರೆ ದೇಶಗಳ ಕನಿಷ್ಠ ಎರಡು ಕಂಪನಿಗಳಿರಲೇಬೇಕೆಂಬ ಷರತ್ತಿತ್ತು. ಅರ್ಧ ವೆಚ್ಚದ ನೆರವು ಮತ್ತು ಗಡಿ ದಾಟಿದ ಜೊತೆಗಾರಿಕೆ ಎಂಬ ಈ ಎರಡು ನಿಯಮಗಳ ಪ್ರಭಾವ ಮುಂದಿನ ಎಲ್ಲ ಕಾರ್ಯಕ್ರಮಗಳ ಮೇಲೂ ಇದೆ. ಇಸ್ಪ್ರಾದಲ್ಲಿ ಇಲ್ಲದ ಬಳಕೆದಾರ ಇಲ್ಲಿ ಮೊದಲ ದಿನದಿಂದಲೇ ಮೇಜಿನ ಮುಂದಿದ್ದ. ಆದರೆ ಆದ್ಯತೆಗಳ ಪಟ್ಟಿ ಬರೆಯುವ ಲೇಖನಿಯೂ ಅವನ ಕೈಗೇ ಹೋಯಿತು. ಸಣ್ಣ ಕಂಪನಿಗಳು, ವಿಶ್ವವಿದ್ಯಾಲಯಗಳು ಬಂದದ್ದು ಪಟ್ಟಿಯ ಮುಖ್ಯ ಸಾಲುಗಳು ಗೊತ್ತಾದ ಮೇಲೆ.

ಬಿಡಿಬಿಡಿಯಾಗಿದ್ದ ಕಾರ್ಯಕ್ರಮಗಳನ್ನೆಲ್ಲ ಒಂದೇ ಸೂರಿನಡಿ ತಂದದ್ದು 1984–87ರ ಮೊದಲ ಚೌಕಟ್ಟು ಕಾರ್ಯಕ್ರಮ. ಮೊತ್ತ ಸುಮಾರು 375 ಕೋಟಿ ಎಕು. ಯಾವ ಕೆಲಸ ಸಮುದಾಯಕ್ಕೆ ಸೇರಿದ್ದು, ಯಾವುದು ರಾಷ್ಟ್ರಕ್ಕೆ ಸೇರಿದ್ದು ಎಂದು ಅಳೆಯಲು ಜರ್ಮನಿಯ ಸಂಶೋಧನಾ ಸಚಿವ ಹೈನ್ಸ್ ರೀಸನ್‌ಹೂಬರ್ ಹೆಸರಿನ ಮಾನದಂಡಗಳು ಆಗ ಬಳಕೆಗೆ ಬಂದವು. ಒಂದು ದೇಶಕ್ಕೆ ಹೊರಲಾಗದಷ್ಟು ದೊಡ್ಡದಿರಬೇಕು, ಇಲ್ಲವೇ ಕೂಡಿ ಮಾಡಿದರೆ ಸ್ಪಷ್ಟ ಲಾಭವಿರಬೇಕು, ಇಲ್ಲವೇ ದೇಶಗಳ ಬಿಡಿ ಕೆಲಸಗಳು ಒಂದಕ್ಕೊಂದು ಪೂರಕವಾಗಬೇಕು, ಇಲ್ಲವೇ ಸಾಮಾನ್ಯ ಮಾರುಕಟ್ಟೆಯ ಏಕತೆಗೆ, ಏಕರೂಪದ ಮಾನಕಗಳಿಗೆ ನೆರವಾಗಬೇಕು. ಮುಂದೆ ಬಂದ ‘ಯುರೋಪಿಯನ್ ಹೆಚ್ಚುವರಿ ಮೌಲ್ಯ’ ಎಂಬ ಮಾತಿನ ಬೇರು ಇಲ್ಲಿದೆ. ಈ ಮೊದಲ ಕಾರ್ಯಕ್ರಮದ ಅರ್ಧಕ್ಕೆ ಹತ್ತಿರದ ಹಣ ಇಂಧನಕ್ಕೇ ಹೋಯಿತು. ತೈಲ ಬಿಕ್ಕಟ್ಟಿನ ನೆನಪು ಇನ್ನೂ ಹಸಿಯಾಗಿತ್ತು. ಎರಡನೆಯದರಲ್ಲಿ ಮಾಹಿತಿ ಮತ್ತು ಸಂಪರ್ಕ ತಂತ್ರಜ್ಞಾನ ಶೇ 42ರಷ್ಟನ್ನು ಪಡೆಯಿತು. ಒಂದೇ ಸುತ್ತಿನಲ್ಲಿ ಆದ್ಯತೆ ಹೀಗೆ ಹೊರಳಿದ್ದು ದಾವಿನ್ಯೋ ಮೇಜಿನ ಫಲ.

1987ರ ಜುಲೈ 1ರಿಂದ ಜಾರಿಗೆ ಬಂದ ಏಕ ಯುರೋಪಿಯನ್ ಕಾಯ್ದೆ ಸಂಶೋಧನೆಗೆ ಒಪ್ಪಂದದಲ್ಲೇ ಜಾಗ ಕೊಟ್ಟಿತು. ಒಟ್ಟು ಚೌಕಟ್ಟಿಗೆ ಮಾತ್ರ ಎಲ್ಲ ದೇಶಗಳ ಸರ್ವಾನುಮತ ಬೇಕಿತ್ತು. ಅದರ ಬಿಸಿ ಕೂಡಲೇ ತಟ್ಟಿತು. ಎರಡನೆಯ ಕಾರ್ಯಕ್ರಮಕ್ಕೆ ಆಯೋಗ 770 ಕೋಟಿಗೂ ಹೆಚ್ಚು ಕೇಳಿತ್ತು, ಬ್ರಿಟನ್ ತಿಂಗಳುಗಟ್ಟಲೆ ತಡೆಹಿಡಿಯಿತು, ಕೊನೆಗೆ ದಕ್ಕಿದ್ದು ಸುಮಾರು 540 ಕೋಟಿ. ಮಾಸ್ಟ್ರಿಕ್ಟ್ ಒಪ್ಪಂದದ ನಂತರ ಯುರೋಪಿಯನ್ ಸಂಸತ್ತು ಚೌಕಟ್ಟನ್ನು ಸಚಿವ ಮಂಡಳಿಯೊಂದಿಗೆ ಸರಿಸಮವಾಗಿ ನಿರ್ಧರಿಸತೊಡಗಿತು. ನಾಲ್ಕನೆಯದು 1,300 ಕೋಟಿ ದಾಟಿತು, ಐದನೆಯದು 1,500 ಕೋಟಿಯ ಹತ್ತಿರಕ್ಕೆ ಬಂತು.

2000ದ ಜನವರಿಯಲ್ಲಿ ಆಯುಕ್ತ ಫಿಲಿಪ್ ಬುಸ್ಕ್ಯಾಂ ‘ಯುರೋಪಿಯನ್ ಸಂಶೋಧನಾ ವಲಯ’ದ ಕಲ್ಪನೆ ಮುಂದಿಟ್ಟರು. ಸರಕು, ಬಂಡವಾಳದಂತೆ ಸಂಶೋಧಕರೂ ತಿಳಿವಳಿಕೆಯೂ ಗಡಿಯಿಲ್ಲದೆ ಓಡಾಡಬೇಕು ಎಂಬುದು ಅದರ ತಿರುಳು. 2002ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ನಾಯಕರು 2010ರ ವೇಳೆಗೆ ಜಿಡಿಪಿಯ ಶೇ 3ರಷ್ಟನ್ನು ಸಂಶೋಧನೆಗೆ ತೆಗೆದಿಡುವ, ಅದರಲ್ಲಿ ಮೂರನೆ ಎರಡು ಪಾಲು ಖಾಸಗಿ ವಲಯದಿಂದ ಬರುವ ಗುರಿ ಹಾಕಿದರು. ಯುರೋಪಿಯನ್ ಒಕ್ಕೂಟ ಒಟ್ಟಾಗಿ ಆ ಗುರಿಯನ್ನು ಇಂದಿಗೂ ಮುಟ್ಟಿಲ್ಲ.

ಅದೇ ವರ್ಷ ಕೋಪನ್‌ಹೇಗನ್ನಿನ ಸಮ್ಮೇಳನವೊಂದರಲ್ಲಿ ವಿಜ್ಞಾನಿಗಳ ಹಳೆಯ ಬೇಡಿಕೆಗೆ ಬಲ ಬಂತು. ಅಲ್ಲಿಯವರೆಗೆ ಬ್ರಸೆಲ್ಸ್ ಹಣ ಬೇಕೆಂದರೆ ಹಲವು ದೇಶಗಳ ಜೊತೆಗಾರರನ್ನು ಕಟ್ಟಿಕೊಂಡು, ಮೊದಲೇ ಬರೆದಿಟ್ಟ ವಿಷಯಕ್ಕೆ ತಮ್ಮ ಪ್ರಶ್ನೆಯನ್ನು ಹೊಂದಿಸಿ ಅರ್ಜಿ ಹಾಕಬೇಕಿತ್ತು. 2007ರಲ್ಲಿ ಏಳನೆಯ ಕಾರ್ಯಕ್ರಮದ ಜೊತೆ ಹುಟ್ಟಿದ ಯುರೋಪಿಯನ್ ಸಂಶೋಧನಾ ಮಂಡಳಿ ಈ ಕ್ರಮವನ್ನೇ ತಿರುಗಿಸಿತು. ವಿಷಯದ ಪಟ್ಟಿ ಇಲ್ಲ, ದೇಶವಾರು ಪಾಲು ಇಲ್ಲ, ಜೊತೆಗಾರರ ಕಡ್ಡಾಯವಿಲ್ಲ. ಒಬ್ಬ ಸಂಶೋಧಕ, ಅವರ ಪ್ರಶ್ನೆ, ಉತ್ಕೃಷ್ಟತೆ ಎಂಬ ಒಂದೇ ಅಳತೆ. ಗ್ರೀಕ್ ಜೀವವಿಜ್ಞಾನಿ ಫೋಟಿಸ್ ಕಫಾಟೋಸ್ ಮೊದಲ ಅಧ್ಯಕ್ಷರಾದರು. ಯುವ ಸಂಶೋಧಕರಿಗಾಗಿ ಕರೆದ ಮೊದಲ ಸುತ್ತಿಗೆ 9,000ಕ್ಕೂ ಹೆಚ್ಚು ಅರ್ಜಿಗಳು ಬಂದು ಬಿದ್ದವು, ಅನುದಾನ ಸಿಕ್ಕಿದ್ದು ಸುಮಾರು 300 ಮಂದಿಗೆ. ಆ ಸುತ್ತಿನಲ್ಲಿ ಗೆದ್ದ ಕೋನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೀನ್ ಕುರಿತ ಕೆಲಸಕ್ಕೆ 2010ರ ನೊಬೆಲ್ ಹಂಚಿಕೊಂಡರು. ಏಳು ದಶಕಗಳ ಈ ಚರಿತ್ರೆಯಲ್ಲಿ ಅತಿ ಒಳ್ಳೆಯ ತಿರುವು ಯಾವುದೆಂದರೆ ಇದೇ: ಏನನ್ನು ಕೇಳಬೇಕೆಂದು ಗೊತ್ತುಮಾಡುವ ಹಕ್ಕನ್ನು ಕೇಳುವವರಿಗೇ ಕೊಟ್ಟದ್ದು. ಏಳನೆಯ ಕಾರ್ಯಕ್ರಮದ ಸುಮಾರು 5,000 ಕೋಟಿ ಯುರೋಗಳಲ್ಲಿ ಈ ಮಂಡಳಿಗೆ ಬಂದದ್ದು 750 ಕೋಟಿ.

ಉಳಿದ ಹಣದಲ್ಲಿ ಎಲ್ಲಿ ಎಷ್ಟು ಎಂಬ ಹಗ್ಗಜಗ್ಗಾಟ ಮುಂದುವರಿಯಿತು. 2006ರ ಜುಲೈ 24ರಂದು ಭ್ರೂಣದ ಕಾಂಡಕೋಶಗಳ ವಿಷಯದಲ್ಲಿ ಸಚಿವರು ರಾಜಿಗೆ ಬಂದರು. ಭ್ರೂಣವನ್ನು ನಾಶಮಾಡುವ ಹಂತಕ್ಕೆ ಒಕ್ಕೂಟದ ಹಣವಿಲ್ಲ, ಮುಂದಿನ ಹಂತಗಳ ಸಂಶೋಧನೆಗೆ ತಡೆಯಿಲ್ಲ. 2009ರ ಲುಂಡ್ ಘೋಷಣೆ ವಿಷಯವಾರು ಕಟ್ಟುಗಳನ್ನು ಬಿಟ್ಟು ಹವಾಮಾನ, ನೀರು, ವೃದ್ಧಾಪ್ಯದಂಥ ದೊಡ್ಡ ಸವಾಲುಗಳ ಸುತ್ತ ಆದ್ಯತೆ ಕಟ್ಟಬೇಕೆಂದಿತು. 2014ರ ಹೊರೈಜನ್ 2020 ಕಾರ್ಯಕ್ರಮದ ಏಳು ಸಾಮಾಜಿಕ ಸವಾಲುಗಳಿಗೆ ಅದೇ ಬುನಾದಿ. ಮೊದಲ ಕರಡಿನಲ್ಲಿ ಸಮಾಜವಿಜ್ಞಾನ, ಮಾನವಿಕಗಳಿಗೆ ಪ್ರತ್ಯೇಕ ಜಾಗವಿರಲಿಲ್ಲ. ಅವನ್ನು ಭದ್ರತೆಯ ಜೊತೆ ಒಂದೇ ತಲೆಬರಹಕ್ಕೆ ಸೇರಿಸಲಾಗಿತ್ತು. ಸಾವಿರಾರು ವಿದ್ವಾಂಸರು ಸಹಿ ಮಾಡಿ ಪತ್ರ ಬರೆದ ಮೇಲೆ ಎರಡೂ ಬೇರೆಯಾದವು. ಈ ಕಾರ್ಯಕ್ರಮದಿಂದಲೇ ಭಾರತ, ಚೀನಾ, ಬ್ರೆಜಿಲ್‌ಗಳಂಥ ದೇಶಗಳ ಸಂಸ್ಥೆಗಳಿಗೆ ತಾನಾಗಿ ಹಣ ಸಿಗುವ ಅವಕಾಶ ನಿಂತಿತು. ಒಕ್ಕೂಟದೊಂದಿಗೆ ಭಾರತಕ್ಕೆ 2001ರಿಂದ ವಿಜ್ಞಾನ ಸಹಕಾರದ ಒಪ್ಪಂದವಿದ್ದರೂ, ಬೆಂಗಳೂರಿನ ಪ್ರಯೋಗಾಲಯವೊಂದು ಇಂಥ ಯೋಜನೆಯಲ್ಲಿ ಕೂಡಬೇಕಾದರೆ ಸಾಮಾನ್ಯವಾಗಿ ತನ್ನ ಪಾಲಿನ ಹಣವನ್ನು ತಾನೇ ಹೊಂದಿಸಿಕೊಳ್ಳಬೇಕಾಯಿತು.

ಆದ್ಯತೆಯೊಂದು ಕಾಗದದಿಂದ ಪ್ರಯೋಗಾಲಯಕ್ಕೆ ಇಳಿಯುವ ದಾರಿ ಉದ್ದದ್ದು. ಸಂಸತ್ತು ಮತ್ತು ಸಚಿವ ಮಂಡಳಿ ಏಳು ವರ್ಷಗಳ ಚೌಕಟ್ಟು ಹಾಕುತ್ತವೆ. ಅದರೊಳಗೆ ಆಯೋಗದ ಅಧಿಕಾರಿಗಳು ಸಾಮಾನ್ಯವಾಗಿ ಎರಡೆರಡು ವರ್ಷಗಳ ಕಾರ್ಯಯೋಜನೆ ಬರೆಯುತ್ತಾರೆ, ಸದಸ್ಯ ದೇಶಗಳ ಪ್ರತಿನಿಧಿಗಳ ಸಮಿತಿ ಅದಕ್ಕೆ ಅಭಿಪ್ರಾಯ ಕೊಡುತ್ತದೆ, ಆಮೇಲೆ ಅರ್ಜಿಗೆ ಕರೆ ಹೊರಡುತ್ತದೆ. ಹೊರಗಿನ ತಜ್ಞರು ಅರ್ಜಿಗಳಿಗೆ ಅಂಕ ಕೊಡುತ್ತಾರೆ. ಬ್ಯಾಟರಿ ಎಂದಷ್ಟೇ ಬರೆದರೆ ನೂರು ತಂಡಗಳಿಗೆ ಬಾಗಿಲು ತೆರೆದೀತು. ಯಾವ ಬಗೆಯ ಬ್ಯಾಟರಿ, ಯಾವ ವಾಹನಕ್ಕೆ ಎಂದು ಎರಡು ಪದ ಸೇರಿದರೆ ಹತ್ತು ತಂಡಗಳೇ ಉಳಿದಾವು. ಕಂಪನಿಗಳು, ವಿಶ್ವವಿದ್ಯಾಲಯಗಳು, ಪ್ರಾಂತೀಯ ಸರ್ಕಾರಗಳು ಬ್ರಸೆಲ್ಸ್‌ನಲ್ಲಿ ಕಚೇರಿ ತೆರೆದು ಕೂತಿರುವುದು ಬಹುಪಾಲು ಆ ಎರಡು ಪದಗಳ ಸಲುವಾಗಿ.

ಮುಂದಿನ ಕಾರ್ಯಕ್ರಮವಾದ ಹೊರೈಜನ್ ಯುರೋಪ್ ರೂಪುಗೊಳ್ಳುವಾಗ 2017ರಲ್ಲಿ ಪಾಸ್ಕಲ್ ಲಾಮಿ ನೇತೃತ್ವದ ತಜ್ಞರ ಸಮಿತಿ ಬಜೆಟ್ಟನ್ನು ಇಮ್ಮಡಿಗೊಳಿಸಲು ಹೇಳಿತು. ಮರುವರ್ಷ ಅರ್ಥಶಾಸ್ತ್ರಜ್ಞೆ ಮರಿಯಾನಾ ಮಝುಕಾಟೊ, ಚಂದ್ರಯಾನದಂತೆ ಗಡುವುಳ್ಳ ಗುರಿಗಳನ್ನು ಇಟ್ಟುಕೊಳ್ಳುವ ‘ಮಿಷನ್’ ಪದ್ಧತಿಯನ್ನು ವಿವರಿಸಿದರು. ಕ್ಯಾನ್ಸರ್, ಹವಾಮಾನಕ್ಕೆ ಹೊಂದಿಕೊಳ್ಳುವಿಕೆ, ಸಾಗರ ಮತ್ತು ನೀರು, ಮಣ್ಣು, 2030ರ ವೇಳೆಗೆ ಇಂಗಾಲ ತಟಸ್ಥವಾಗಬೇಕಾದ 100 ನಗರಗಳು ಎಂಬ ಐದು ಮಿಷನ್‌ಗಳು ಹೀಗೆ ಬಂದವು. 2020ರ ಜುಲೈಯಲ್ಲಿ ನಾಯಕರ ಶೃಂಗಸಭೆ ಕೋವಿಡ್ ಬಿಕ್ಕಟ್ಟಿನ ನಡುವೆಯೇ ಸಂಶೋಧನೆಯ ಹಣಕ್ಕೆ ಕತ್ತರಿ ಹಾಕಿತು. ನವೆಂಬರಿನಲ್ಲಿ ಸಂಸತ್ತು ಪಟ್ಟು ಹಿಡಿದು 400 ಕೋಟಿ ಯುರೋ ಮರಳಿ ತಂದಿತು. 2021–27ಕ್ಕೆ ಆಗ ಒಪ್ಪಿಗೆಯಾದ ಮೊತ್ತ 9,550 ಕೋಟಿ ಯುರೋ. ಪೂರ್ವ ಮತ್ತು ದಕ್ಷಿಣದ ಹಿಂದುಳಿದ ಪಾಲುದಾರ ದೇಶಗಳಿಗಾಗಿ ಅದರಲ್ಲಿ ಕನಿಷ್ಠ ಶೇ 3.3 ಮೀಸಲಾಯಿತು, ಏಕೆಂದರೆ 2004ರಿಂದೀಚೆಗೆ ಸೇರಿದ 13 ದೇಶಗಳಿಗೆ ಹಿಂದಿನ ಕಾರ್ಯಕ್ರಮದಲ್ಲಿ ದಕ್ಕಿದ್ದು ಶೇ 5ರ ಆಸುಪಾಸು ಮಾತ್ರ.

2024ರ ಸೆಪ್ಟೆಂಬರಿನಲ್ಲಿ ಇಟಲಿಯ ಮಾಜಿ ಪ್ರಧಾನಿ ಮಾರಿಯೊ ದ್ರಾಗಿ ಅವರ ವರದಿ ಯುರೋಪಿನ ಸ್ಪರ್ಧಾಶಕ್ತಿ ಕುಂದಿರುವುದನ್ನು ಎತ್ತಿ ಹೇಳಿ, ಮುಂದಿನ ಕಾರ್ಯಕ್ರಮಕ್ಕೆ 20,000 ಕೋಟಿ ಯುರೋ ಸೂಚಿಸಿತು. 2025ರ ಜುಲೈಯಲ್ಲಿ ಆಯೋಗ 2028–34ರ ಅವಧಿಗೆ ಸಂಸತ್ತು ಮತ್ತು ಸಚಿವ ಮಂಡಳಿಯ ಮುಂದಿಟ್ಟ ಪ್ರಸ್ತಾವ 17,500 ಕೋಟಿಯದು. ಅದರ ಪಕ್ಕದಲ್ಲೇ ಉದ್ಯಮ, ರಕ್ಷಣೆಗಳನ್ನೂ ಒಳಗೊಳ್ಳುವ ಸ್ಪರ್ಧಾತ್ಮಕತೆಯ ನಿಧಿಯೊಂದನ್ನೂ ಆಯೋಗ ಪ್ರಸ್ತಾಪಿಸಿದೆ, ಮತ್ತು ಸಂಶೋಧನೆಯ ಒಂದು ಭಾಗವನ್ನು ಆ ನಿಧಿಗೆ ಬಿಗಿಯಾಗಿ ಜೋಡಿಸಿದೆ.