ಬಾಂಡ್ಲಿಯಿಂದ ಪೈಪಿಗೆ

ಹಿರಿಯೂರಿನಿಂದ ಒಂದಷ್ಟು ದೂರ ಹೋದರೆ ಮಾರಿಕಣಿವೆ. ಎರಡು ಗುಡ್ಡದ ನಡುವೆ ವೇದಾವತಿಯನ್ನು ತಡೆದು ನಿಲ್ಲಿಸಿದ ಕಟ್ಟೆ 1907ರಲ್ಲಿ ಮುಗಿಯಿತು. ಕಲ್ಲು ಮತ್ತು ಸುಣ್ಣದ ಗಾರೆಯ ಕೆಲಸ. ಜಲಾಶಯಕ್ಕೆ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು, ಕಣಿವೆಗೆ ಮಾರಮ್ಮನ ಹೆಸರು. ಕಲ್ಲು ಒಡೆದವರ, ಗಾರೆ ಅರೆದವರ, ಅದನ್ನು ಹೊತ್ತು ಮೇಲಕ್ಕೆ ಸಾಗಿಸಿದವರ ಹೆಸರನ್ನು ನಾನು ಎಲ್ಲಿಯೂ ಓದಿಲ್ಲ. ನಮ್ಮ ಶಾಲೆಗಳಲ್ಲಿ "ಈ ಅಣೆಕಟ್ಟನ್ನು ಯಾರು ಕಟ್ಟಿಸಿದರು?" ಎಂಬ ಪ್ರಶ್ನೆಗೆ ಮಕ್ಕಳು ಉತ್ತರ ಬರೀತಾರೆ. "ಯಾರು ಕಟ್ಟಿದರು?" ಎಂದು ಕೇಳಿದ ಪ್ರಶ್ನೆಪತ್ರಿಕೆಯನ್ನು ಮೇಷ್ಟ್ರುಗಳು ಯಾರಾದರೂ ನೋಡಿದ್ದರೆ ತಿಳಿಸಲಿ. ಎರಡು ಪ್ರಶ್ನೆಗಳ ನಡುವೆ ಇರುವುದು ಒಂದೇ ಅಕ್ಷರ, 'ಸಿ'. ಆ ಒಂದಕ್ಷರದ ಕೆಳಗೆ ಎಷ್ಟು ಜನ ಸಿಕ್ಕಿಕೊಂಡಿದ್ದಾರೆ ನೋಡಿ.

ಈ ಲೇಖನ ಅಣೆಕಟ್ಟಿನದ್ದಲ್ಲ. ಕಲಸಿದ ಗಾರೆ, ಆಮೇಲೆ ಕಲಸಿದ ಕಾಂಕ್ರೀಟು, ನೆಲದಿಂದ ಮೇಲಕ್ಕೆ ಹೇಗೆ ಹೋಯಿತು ಎಂಬ ಅಷ್ಟೇ ವಿಷಯದ್ದು. ಸುಣ್ಣ ಹೋಗಿ ಸಿಮೆಂಟು ಬಂತು. ಗಾರೆ ಅರೆಯುವ ಗಾಣ ಹೋಗಿ ತಿರುಗುವ ಮಿಕ್ಸರ್ ಬಂತು. ತಲೆ ಮಾತ್ರ ಹಾಗೇ ಉಳಿಯಿತು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬಾಂಡ್ಲಿ.

ಒಂದು ಲೆಕ್ಕ ಹಾಕೋಣ. ಹೊಳಲ್ಕೆರೆಯಲ್ಲೋ ಹೊಸದುರ್ಗದಲ್ಲೋ ಒಬ್ಬರು 1000 ಚದರಡಿ ಮನೆಗೆ ಮೌಲ್ಡ್ ಹಾಕಿಸ್ತಾರೆ ಅನ್ನಿ. ತಾರಸಿಯ ದಪ್ಪ 5 ಅಂಗುಲ. ಕಾಂಕ್ರೀಟು ಸುಮಾರು 12 ಘನ ಮೀಟರ್, ತೂಕ 28 ಟನ್ನಿನ ಆಸುಪಾಸು. ಬಾಂಡ್ಲಿಗೆ 20 ಕಿಲೋ ಎಂದರೂ 1,400 ಬಾಂಡ್ಲಿ. ಒಂದೇ ದಿನದಲ್ಲಿ, ಬೆಳಿಗ್ಗೆ ಹಿಡಿದ ಕೆಲಸ ಕತ್ತಲಾಗುವುದರೊಳಗೆ ಮುಗಿಯಬೇಕು. ನಡುವೆ ನಿಲ್ಲಿಸಿದರೆ ಹಳೇದಕ್ಕೂ ಹೊಸದಕ್ಕೂ ಕೂಡಿಕೆ ಆಗದೆ ಅಲ್ಲೇ ನೀರು ಸೋರುತ್ತದೆ. ಈ 1,400 ಬಾಂಡ್ಲಿ ಸಾರ್ವೆಯ ಏಣಿ ಹತ್ತಿದ್ದು ಹೆಣ್ಣಾಳುಗಳ ತಲೆಯ ಮೇಲೆ. ಅವರು ನಮ್ಮ ಕೇರಿಗಳಿಂದ, ಭೋವಿ ಕಾಲೋನಿಗಳಿಂದ, ಗೊಲ್ಲರಹಟ್ಟಿಗಳಿಂದ ಬಂದವರು. ಕರಣೆ ಹಿಡಿದವನು ಮೇಸ್ತ್ರಿ ಆದ. ಬಾಂಡ್ಲಿ ಹೊತ್ತವಳು ಇಪ್ಪತ್ತು ವರ್ಷ ಹೊತ್ತರೂ ಹೆಣ್ಣಾಳೇ. 1976ರಲ್ಲಿ ಸಮಾನ ವೇತನದ ಕಾಯ್ದೆ ಬಂತಲ್ಲ ಎಂದರೆ, "ಅದು ಸಮಾನ ಕೆಲಸಕ್ಕೆ ಸಾಮಿ, ಇದು ಬೇರೆ ಕೆಲಸ" ಎನ್ನುವ ಉತ್ತರ ತಯಾರಿತ್ತು.

ಹಾಗಾದರೆ ಯಂತ್ರ ಇರಲಿಲ್ಲವೆ? ಇತ್ತು. ಕಾಂಕ್ರೀಟನ್ನು ಪೈಪಿನೊಳಗೆ ತಳ್ಳುವ ಪಂಪನ್ನು ಜರ್ಮನಿಯಲ್ಲಿ 1927ರಲ್ಲೇ ಮಾಡಿದ್ದರು. ಆದರೆ ಅದಕ್ಕೊಂದು ತೊಡಕಿತ್ತು. ತಲೆ ಎಂಥಾ ಗಟ್ಟಿ ಕಾಂಕ್ರೀಟನ್ನಾದರೂ ಹೊರುತ್ತದೆ, ಪೈಪು ಹೊರುವುದಿಲ್ಲ. ಪೈಪಿನೊಳಗೆ ಕಾಂಕ್ರೀಟು ಒಂದು ಬಿರಡೆಯ ಹಾಗೆ ಒಟ್ಟಾಗಿ ಜರುಗಬೇಕು. ಪೈಪಿನ ಗೋಡೆಗೂ ಅದಕ್ಕೂ ನಡುವೆ ತೆಳ್ಳಗೆ ಸಿಮೆಂಟಿನ ಹಾಲು ಇದ್ದರೆ ಜಾರುತ್ತದೆ, ಇಲ್ಲದಿದ್ದರೆ ಜಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಜಾರಬೇಕಾದರೆ ನೀರು ಬೇಕು. ನೀರು ಹೆಚ್ಚಾದರೆ ಕಾಂಕ್ರೀಟು ಕೆಡುತ್ತದೆ. ಒಂದು 50 ಕಿಲೋ ಚೀಲದ ಸಿಮೆಂಟು ಗಟ್ಟಿಯಾಗಲು ನಿಜವಾಗಿ ಹೀರಿಕೊಳ್ಳುವುದು 12 ಲೀಟರಿನಷ್ಟು ನೀರು. ಕಲಸಲು ಆಗಲೆಂದು ನಾವು ಹಾಕುವುದು 30 ಲೀಟರ್, ಎಷ್ಟೋ ಕಡೆ ಅದಕ್ಕಿಂತಲೂ ಹೆಚ್ಚು. ಮಿಕ್ಕ ನೀರು ಆರಿಹೋಗಿ ಒಳಗೆ ಸಣ್ಣ ಸಣ್ಣ ತೂತು ಉಳಿಯುತ್ತವೆ. ಶಕ್ತಿ ಕುಂದುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ.

ಇದನ್ನು ಬಿಡಿಸಿದ್ದು ಒಂದು ರಸಾಯನ, ಸೂಪರ್ ಪ್ಲಾಸ್ಟಿಸೈಸರ್. ಕಾಯೋ ಎಂಬ ಜಪಾನಿನ ಸೋಪಿನ ಕಂಪನಿಯಲ್ಲಿ ಕೆನಿಚಿ ಹಟ್ಟೋರಿ ಎಂಬುವರು ನ್ಯಾಫ್ತಲೀನಿನಿಂದ ಇದನ್ನು ಮಾಡಿದರು. 1960ರ ದಶಕದಲ್ಲೇ ಅದು ಮಾರಾಟಕ್ಕೆ ಬಂತು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಮೆಲಮೀನಿನಿಂದ ಇನ್ನೊಂದು ಬಂತು. ಅದು ಮಾಡುವ ಕೆಲಸ ಮುದ್ದೆ ತಿರುವಿದವರಿಗೆ ಬೇಗ ತಿಳಿಯುತ್ತದೆ. ಬಿಸಿನೀರಿಗೆ ರಾಗಿಹಿಟ್ಟು ಬಿದ್ದರೆ ಗಂಟು ಕಟ್ಟುತ್ತದಲ್ಲ, ಸಿಮೆಂಟಿನ ಕಣಗಳೂ ನೀರಿನಲ್ಲಿ ಹಾಗೇ ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಗಂಟಿನೊಳಗೆ ನೀರು ಸೆರೆಯಾಗುತ್ತದೆ. ಈ ರಸಾಯನ ಕಣಗಳ ಮೈಗೆ ಹತ್ತಿ ಎಲ್ಲಕ್ಕೂ ಒಂದೇ ಬಗೆಯ ವಿದ್ಯುದಂಶ ಕೊಡುತ್ತದೆ. ಅವು ಒಂದನ್ನೊಂದು ನೂಕುತ್ತವೆ, ಗಂಟು ಒಡೆಯುತ್ತದೆ, ಸೆರೆ ಸಿಕ್ಕ ನೀರು ಹೊರಬರುತ್ತದೆ. ಚೀಲಕ್ಕೆ ಅರ್ಧ ಕಿಲೋ ಆಸುಪಾಸು ಹಾಕಿದರೆ 30 ಲೀಟರಿನ ಜಾಗದಲ್ಲಿ 24 ಲೀಟರ್ ಸಾಕು, ಕಾಂಕ್ರೀಟು ಮೊದಲಿಗಿಂತ ಸಲೀಸಾಗಿ ಹರಿಯುತ್ತದೆ. 1980ರ ದಶಕದಲ್ಲಿ ಜಪಾನಿನಲ್ಲೇ ಇದಕ್ಕಿಂತ ಚುರುಕಾದ ಪಾಲಿಕಾರ್ಬಾಕ್ಸಿಲೇಟ್ ಬಗೆಯೂ ಬಂತು.

ಈಗ ನನ್ನ ಮಾತಿಗೆ ಬರುತ್ತೇನೆ. 1960ರ ದಶಕದಲ್ಲಿ ಸಿಕ್ಕಿದ್ದು ನಮ್ಮಲ್ಲಿಗೆ ಬರಲು ಯಾಕೆ ಅಷ್ಟು ತಡವಾಯಿತು? ಕಾಂಕ್ರೀಟಿಗೆ ಬೆರೆಸುವ ವಸ್ತುಗಳ ಭಾರತೀಯ ಮಾನಕ 9103 ಮೊದಲು ಬಂದದ್ದು 1979ರಲ್ಲಿ. ಸೂಪರ್ ಪ್ಲಾಸ್ಟಿಸೈಸರನ್ನು ಅದಕ್ಕೆ ಸೇರಿಸಿದ್ದು 1999ರ ಪರಿಷ್ಕರಣೆಯಲ್ಲಿ. ಎಂಜಿನಿಯರುಗಳು ಹತ್ತು ಕಾರಣ ಹೇಳಿಯಾರು: ವಿದೇಶೀ ವಿನಿಮಯ, ಸಿಮೆಂಟಿನ ಅಭಾವ, ಬಿಸಿಲು. ಸುಳ್ಳೇನಲ್ಲ. ಆದರೆ ಯುದ್ಧದ ನಂತರ ಜರ್ಮನಿಯಲ್ಲಿ, ಜಪಾನಿನಲ್ಲಿ ಆಳು ದುಬಾರಿಯಾದ. ಅವರಿಗೆ ಪಂಪು ಬೇಕೇ ಬೇಕಾಯಿತು, ಪಂಪಿಗೆ ರಸಾಯನ ಬೇಕಾಯಿತು. ನಮ್ಮಲ್ಲಿ ಪೈಪಿಗಿಂತ ತಲೆ ಅಗ್ಗವಾಗಿತ್ತು. ಹೆಣ್ಣಿನ ತಲೆ ಇನ್ನೂ ಅಗ್ಗ. ಅಗ್ಗದ ತಲೆ ಸಾಲುಗಟ್ಟಿ ನಿಂತಿರುವಾಗ ಕಂಟ್ರಾಕ್ಟರನಿಗೆ ಯಂತ್ರ ಯಾಕೆ? ಬಾಂಡ್ಲಿ ಅಷ್ಟು ವರ್ಷ ತಲೆಯ ಮೇಲಿದ್ದದ್ದು ವಿಜ್ಞಾನ ತಿಳಿಯದೆ ಅಂತ ನಾನಂತೂ ಒಪ್ಪುವುದಿಲ್ಲ.

ನಮ್ಮ ಕಡೆ ಬದಲಾವಣೆ ಕಂಡದ್ದು 2000 ಆದ ಮೇಲೆ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗದ ಮೇಲೆ ನಾಲ್ಕು ಪಥ ಆಯಿತು. ಜೋಗಿಮಟ್ಟಿಯ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಂತವು. ಇಂಥ ಒಂದೊಂದರ ಬುನಾದಿಗೆ ನೂರಾರು ಘನ ಮೀಟರ್ ಕಾಂಕ್ರೀಟನ್ನು ನಿಲ್ಲಿಸದೆ ಸುರಿಯಬೇಕು. ಭದ್ರಾ ಮೇಲ್ದಂಡೆಯ ನೀರಿಗಾಗಿ ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಸುರಂಗ ಕೊರೆದರು. ಸುರಂಗದ ಒಳಮೈಗೆ ಕಾಂಕ್ರೀಟು ತುಂಬುವುದು ಬಾಂಡ್ಲಿಯಿಂದ ಆಗುವ ಕೆಲಸವಲ್ಲ. ಆ ದಾರಿಯಲ್ಲಿ 2019ರಲ್ಲಿ ಭದ್ರೆಯ ನೀರು ಮಾರಿಕಣಿವೆಗೆ ಬಂತು. ತಲೆ ಹೊತ್ತು ಕಟ್ಟಿದ ಕಟ್ಟೆಗೆ ಪಂಪಿನ ಕಾಲದ ನೀರು.

ಆಮೇಲೆ ಊರಿನ ಮನೆಗಳಿಗೂ ಪಂಪು ಬಂತು. ಮೇಲೆ ಹೇಳಿದ ತಾರಸಿ ಅದಕ್ಕೆ ಒಂದು ತಾಸಿನ ಕೆಲಸ. ಕೊಳವೆಯ ತುದಿ ಹಿಡಿಯಲು ಇಬ್ಬರು, ಎಳೆಯಲು ನಾಲ್ವರು, ಎಲ್ಲ ಗಂಡಸರು. ಬಾಂಡ್ಲಿ ಇಳಿದದ್ದಕ್ಕೆ ನನಗೆ ದುಃಖವಿಲ್ಲ. ಕುತ್ತಿಗೆ ಸವೆದವರನ್ನು ಕಂಡವರು ಯಾರೂ ಅದನ್ನು ಮತ್ತೆ ಹೊರಿ ಅನ್ನಲಾರರು. ಆದರೆ ಬಾಂಡ್ಲಿಯ ಜೊತೆ ಕೂಲಿಯೂ ಇಳಿಯಿತು. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ ಕಾರ್ಡು ಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು ಎಂದಿತ್ತು. ಮೌಲ್ಡಿನ ದಿನಗಳನ್ನೇ ನಂಬಿದ್ದ ಹೆಣ್ಣಾಳು ಆ 90ನ್ನು ಎಲ್ಲಿಂದ ತರಬೇಕು? ನಮ್ಮ ಕೇರಿಯ ಒಬ್ಬಾಕೆ ಹೇಳಿದ್ದು ಹೀಗೆ: "ಆಗ ಕುತ್ಗೆ ನೋವು ಅಂತಿದ್ವಿ ಕಣಣ್ಣ, ಈಗ ಕುತ್ಗೆ ಹಗುರ, ಸೆರಗಿನ ಗಂಟೂ ಹಗುರ."

ಪಂಪಿನ ಹತ್ತಿರ ಇನ್ನೊಂದು ಆಟ ನಡೆಯುತ್ತದೆ. ನಮ್ಮ ಬಿಸಿಲಿಗೆ ರಸಾಯನದ ಕಸುವು ಬೇಗ ಇಳಿಯುತ್ತದೆ. ಲಾರಿ ಒಂದೆರಡು ತಾಸು ತಡವಾದರೆ ಕಾಂಕ್ರೀಟು ಬಿಗಿಯುತ್ತದೆ. ಆಗ ಮಾಡಬೇಕಾದ್ದು ಲೆಕ್ಕ ನೋಡಿ ಇನ್ನಷ್ಟು ರಸಾಯನ ಬೆರೆಸುವುದು, ಇಲ್ಲವೆ ಲಾರಿಯನ್ನು ವಾಪಸ್ಸು ಕಳಿಸುವುದು. ಎರಡಕ್ಕೂ ದುಡ್ಡು ಬೇಕು. ನೀರಿನ ಕೊಳಾಯಿಗೆ ದುಡ್ಡಿಲ್ಲ. "ಬಿಡೋ ನೀರು" ಎನ್ನುವವನು ಒಬ್ಬ, ಬಿಡುವವನು ಇನ್ನೊಬ್ಬ. ಮುಂದೆ ತಾರಸಿ ಸೋರಿದಾಗ ಬೈಗುಳ ಕೊಳಾಯಿ ಹಿಡಿದವನ ಜಾತಿಯನ್ನು ಹುಡುಕಿಕೊಂಡು ಹೋಗುತ್ತದೆ.

ಪಂಪಿನ ಲಾರಿ ಹೋದ ಮೇಲೂ ಕೆಲಸ ಮುಗಿದಿರುವುದಿಲ್ಲ. ಕಡಿಮೆ ನೀರಿನಲ್ಲಿ ಕಲಸಿದ ಕಾಂಕ್ರೀಟು ಮೇಲ್ಮೈ ಒಣಗಿ ಬೇಗ ಬಿರಿಯುತ್ತದೆ. ಕಡಿಮೆಯೆಂದರೂ 7 ದಿನ, ಬೂದಿ ಬೆರೆತ ಸಿಮೆಂಟಾದರೆ 10 ದಿನ ಅದನ್ನು ನೆನೆಸಿಡಬೇಕು. ತಾರಸಿಯ ಮೇಲೆ ಮಣ್ಣಿನ ಕಟ್ಟೆ ಕಟ್ಟಿ, ಹೊತ್ತುಹೊತ್ತಿಗೆ ನೀರು ನಿಲ್ಲಿಸುವ ಈ ಕೆಲಸ ಬಹಳ ಕಡೆ ವಾಚ್‌ಮನ್ನನ ಹೆಂಡತಿಯದು. ಸಂಬಳ ಗಂಡನಿಗೆ. ಶೆಡ್ಡಿನಲ್ಲಿ ಇರಲು ಬಿಟ್ಟಿದ್ದೇವಲ್ಲ, ಅದೇ ಅವಳ ಕೂಲಿ ಎನ್ನುತ್ತಾರೆ. ಮೋಟಾರಿಗೆ ಕರೆಂಟು ಇಲ್ಲದ ದಿನ ಅವಳು ಬಿಂದಿಗೆ ಎತ್ತಿಕೊಂಡು ಅದೇ ಏಣಿ ಹತ್ತುತ್ತಾಳೆ.